ನಾಲ್ಕನೇ ಹಸಿರು

"ಸ್ವಲ್ಪ ಈ ಕಡೆ ಬಂದು ನಿಂತ್ಕೊಳ್ಳಿ. ನನಗೆ ನಿಮ್ಮ ನೆರಳು ಬೇಕು."

ಹೇಳಿಬಿಟ್ಟ ಮೇಲೆ ಪವಿತ್ರ ನಾಲಿಗೆ ಕಚ್ಚಿಕೊಂಡಳು. ಚಲುವರಾಜು ಕೆಸರಿನಿಂದ ಕಾಲು ಕಿತ್ತು, ಸೂರ್ಯನಿಗೆ ಬೆನ್ನು ಕೊಟ್ಟು ಅವಳ ಪಕ್ಕ ಬಂದು ನಿಂತ. ಆರಡಿ ಆಳು. ಭತ್ತದ ಪೈರಿನ ಮೇಲೆ ಅವನ ನೆರಳು ಉದ್ದಕ್ಕೆ ಮಲಗಿತು.

"ಸಾಕಾ ಮೇಡಂ? ಬೇಕಾದ್ರೆ ಇನ್ನೂ ಒಸಿ ಅಗಲ ಆಯ್ತೀನಿ."

"ಮಾತಾಡ್ಬೇಡಿ. ನೆರಳು ಅಲ್ಲಾಡುತ್ತೆ."

"ಮಾತಾಡಿದ್ರೆ ನೆರಳು ಅಲ್ಲಾಡ್ತದಾ?"

"ನೀವು ನಗ್ತಾ ಇದೀರಲ್ಲ, ಅದಕ್ಕೆ."

ತೊಂಬತ್ತೆಂಟರ ಮುಂಗಾರು ಅದು. ಪವಿತ್ರ ಶ್ರೀರಂಗಪಟ್ಟಣದ ಕೃಷಿ ಇಲಾಖೆಯಲ್ಲಿ ಸಹಾಯಕಿ. ಪಾಂಡವಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅವಳ ಕೈಯಲ್ಲಿದ್ದದ್ದು ಹೊಸದಾಗಿ ಬಂದ ಒಂದು ಪ್ಲಾಸ್ಟಿಕ್ ಪಟ್ಟಿ. ಅದರಲ್ಲಿ ಆರು ಹಸಿರುಗಳು. ಒಂದನೆಯದು ಹಳದಿಗೆ ಹತ್ತಿರ, ಆರನೆಯದು ಕಪ್ಪಿಗೆ ಹತ್ತಿರ. ಪೈರಿನ ತುದಿಯ ಎಲೆಯನ್ನು ಕೀಳದೆ ಹಾಗೇ ಪಟ್ಟಿಯ ಮೇಲಿಟ್ಟು ನೋಡಬೇಕು. ನಾಲ್ಕನೇ ಹಸಿರಿಗಿಂತ ಪೇಲವವಾಗಿದ್ದರೆ ಬೇರಿಗೆ ಸಾರಜನಕ ಸಾಲದು, ಯೂರಿಯಾ ಹಾಕಬೇಕು. ನಾಲ್ಕಕ್ಕೆ ಸರಿಯಾಗಿದ್ದರೆ ಒಂದು ಕಾಳೂ ಹಾಕಬಾರದು. ಇಷ್ಟೇ ಪ್ರಯೋಗ. ಪಾಲಹಳ್ಳಿಯ ರಸ್ತೆ ಪಕ್ಕದ ಚಲುವರಾಜುವಿನ ಅರ್ಧ ಎಕರೆಯಲ್ಲಿ ಅದನ್ನು ಮಾಡಿ ತೋರಿಸುವುದು ಅವಳ ಕೆಲಸ. ಆರು ವರ್ಷದ ನೌಕರಿಯಲ್ಲಿ ಅವಳ ಹೆಸರಿಗೆ ಸಿಕ್ಕಿದ ಮೊದಲ ಪ್ರಯೋಗ.

"ಬಿಸಿಲಲ್ಲಿ ನೋಡಿದ್ರೆ ಎಲೆ ಇರೋದಕ್ಕಿಂತ ಪೇಲವ ಕಾಣುತ್ತೆ. ನೆರಳಲ್ಲೇ ನೋಡ್ಬೇಕು, ಹತ್ತು ಕಡೆ ನೋಡ್ಬೇಕು. ಹತ್ತು ದಿನಕ್ಕೊಂದು ಸಲ."

"ಪ್ರತಿ ಸಲವೂ ನೀವೇ ಬರ್ತೀರಾ? ಇಲ್ಲಾ ಬೇರೆ ಯಾರನ್ನಾದ್ರೂ ಕಳಿಸ್ತಾರಾ?"

"ನಾನೇ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಹಸಿರು ಕಾಣುತ್ತೆ. ಹೂವಾಗೋ ತನಕ ಓದೋರು ಬದಲಾಗಬಾರದು."

"ಒಳ್ಳೇ ರೂಲ್ಸು" ಎಂದ ಚಲುವರಾಜು, ಬಹಳ ಗಂಭೀರವಾಗಿ.

ಬಣ್ಣಕ್ಕೆ ಬಣ್ಣ ಹಿಡಿದು ನೋಡುವುದು ಏನೆಂದು ಪವಿತ್ರಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮೂರು ಸಲ ಗಂಡಿನ ಕಡೆಯವರು ಬಂದಿದ್ದರು. ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ, ಉಪ್ಪಿಟ್ಟು ತಿಂದು, ಹುಡುಗಿ ಸ್ವಲ್ಪ ಕಪ್ಪು ಎಂದು ಹೇಳಿ ಕಳಿಸಿದ್ದರು. ಇಪ್ಪತ್ತೆಂಟು ತುಂಬಿತ್ತು. ಬೇಸರವೇನೂ ಇಲ್ಲ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಹೇಳಿ ಹೇಳಿ ಅರ್ಧ ನಿಜವೂ ಆಗಿತ್ತು.

ಎರಡನೇ ಸಲ ಬಂದಾಗ ಎಲೆ ಮೂರಕ್ಕೆ ಇಳಿದಿತ್ತು. ಅವಳು ಹೇಳಿದಷ್ಟು ಯೂರಿಯಾವನ್ನು ಕುಕ್ಕೆಯಲ್ಲಿ ತುಂಬಿಕೊಂಡು ಚಲುವರಾಜು ಗದ್ದೆಯ ನಡುವೆ ಇಳಿದ. ಒಂದು ಹೆಜ್ಜೆ, ಒಂದು ಬೀಸು. ಅವನ ತೋಳು ಸುತ್ತಿ ಬಂದಾಗ ಬಿಳಿ ಕಾಳು ದೂರದವರೆಗೂ ಸಮನಾಗಿ ಹಾರಿ ಬೀಳುತ್ತಿತ್ತು. ಪವಿತ್ರ ಪುಸ್ತಕದಲ್ಲಿ ಬರೆಯಬೇಕಾದ್ದನ್ನು ಮರೆತು ಆ ತೋಳನ್ನೇ ನೋಡುತ್ತ ನಿಂತಿದ್ದಳು.

"ಸರಿಯಾಗಿ ಬೀಳ್ತಾ ಇಲ್ವಾ ಮೇಡಂ?"

"ಹ್ಞಾಂ? ಬೀಳ್ತಾ ಇದೆ, ಬೀಳ್ತಾ ಇದೆ."

ಚಲುವರಾಜುವಿನ ತಾಯಿ ಚಿಕ್ಕಬೋರಮ್ಮನಿಗೆ ಮಾತ್ರ ಇದೊಂದೂ ಹಿಡಿಸಲಿಲ್ಲ. ಪವಿತ್ರ ಬಂದಾಗಲೆಲ್ಲ ಚೊಂಬಿನ ತುಂಬ ಮಜ್ಜಿಗೆ ತಂದು ಬದುವಿನ ಮೇಲೆ ಕೂರುತ್ತಿದ್ದಳು. ಸೊಂಟದ ನೋವು, ಕೆಸರಿಗೆ ಇಳಿಯುವಂತಿರಲಿಲ್ಲ.

"ಅಲ್ಲ ಕಣವ್ವಾ, ಎಲ್ಲಾರ ಗದ್ದೆನೂ ಕರ್ರಗೆ ಸೊಕ್ಕಿ ನಿಂತವೆ. ನಮ್ದು ನೋಡು, ಬಾಣಂತಿ ಮುಖ ಇದ್ದಂಗದೆ. ದಾರೀಲಿ ಓಗೋ ಮಂಚಯ್ಯ ನೆನ್ನೆ ಏನಂದ ಗೊತ್ತಾ? ಏನಮ್ಮೀ, ನಿನ್ನ ಗದ್ದೆಗೆ ಕಾಮಾಲೆಯಾ, ಔಸ್ದಿ ಕುಡ್ಸು ಅಂದ!"

"ಕರ್ರಗಾದ್ರೆ ಹುಳ ಬೀಳುತ್ತೆ ಅಮ್ಮಾ, ಗಾಳಿಗೆ ಮಲಗಿಬಿಡುತ್ತೆ. ಬೇಕಾದಷ್ಟು ಇದ್ರೆ ಸಾಕು. ಕೆಳಗಡೆ ಎಲೆ ಹಳದಿಯಾಗಿದೆ ನೋಡಿ. ಸಾರಜನಕ ಕಮ್ಮಿಯಾದಾಗ ಪೈರು ಹಳೇ ಎಲೆಯಿಂದ ತೆಗೆದು ಹೊಸಾ ಎಲೆಗೆ ಕೊಡುತ್ತೆ."

ಚಿಕ್ಕಬೋರಮ್ಮ ಆ ಹಳದಿ ಎಲೆಯನ್ನು ಬೆರಳಿನಲ್ಲಿ ಸವರಿದಳು. "ಅಂಗಾದ್ರೆ ಇದೂ ತಾಯೀನೇ ಅನ್ನು" ಎಂದಳು.

ಮೂರನೇ ಸಲ ಎಲ್ಲ ಕಡೆಯೂ ನಾಲ್ಕು ಬಂತು. ಪವಿತ್ರಳ ಖುಷಿ ಕಂಡು ಚಲುವರಾಜು ತಾನೇ ಪಾಸಾದವನಂತೆ ನಕ್ಕಿದ್ದ. ಆಮೇಲಿನ ಹತ್ತು ದಿನ ಅವಳು ಕ್ಯಾಲೆಂಡರನ್ನು ಅಗತ್ಯಕ್ಕಿಂತ ಹೆಚ್ಚು ಸಲ ನೋಡಿದಳು.

ನಾಲ್ಕನೇ ಸಲ ಬದುವಿಗೆ ಕಾಲಿಡುತ್ತಲೇ ಅವಳು ಅಲ್ಲೇ ನಿಂತುಬಿಟ್ಟಳು. ಕಣ್ಣೆದುರಿನ ಪೈರು ಕಪ್ಪಗಾಗಿತ್ತು. ಬಗ್ಗಿ ಎಲೆ ಹಿಡಿದಳು. ಐದು. ಪಕ್ಕದ್ದು ಐದನ್ನೂ ಮೀರಿತ್ತು.

"ಯಾರು ಯೂರಿಯಾ ಹಾಕಿದ್ದು?"

ಚಲುವರಾಜು ನಾಲೆಯ ಕಡೆ ನೋಡಿದ. "ನಾನೇ ಹಾಕ್ದೆ."

"ನೀವಾ? ಯಾಕೆ?"

"ಜನ ಆಡ್ಕೊತಾವ್ರೆ ಮೇಡಂ. ತಡ್ಕೊಳಕಾಗ್ನಿಲ್ಲ."

"ಒಂದು ಮಾತು ಕೇಳಬಾರದಿತ್ತಾ? ನನ್ನ ಮಾತಿಗಿಂತ ಮಂಚಯ್ಯನ ಮಾತು ದೊಡ್ಡದಾಯ್ತಾ?"

ಅವಳು ಮಜ್ಜಿಗೆಗೂ ಕಾಯಲಿಲ್ಲ. ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದಳು. ಪ್ರಯೋಗ ಹೋಯಿತು ಎಂದು ಸಿಟ್ಟಾಗಬೇಕಿತ್ತು. ಆದರೆ ನೋಯಿಸಿದ್ದು ಪ್ರಯೋಗವಲ್ಲ. ನನ್ನ ಕಣ್ಣನ್ನು ಒಬ್ಬ ಮನುಷ್ಯ ನಂಬಿದ್ದಾನೆ ಅಂದುಕೊಂಡಿದ್ದೆನಲ್ಲ, ಅದು.

ಬಸ್ಸು ನಾಲೆಯ ಏರಿಯ ಮೇಲೆ ಹೊರಳಿತು. ಕಿಟಕಿಯಿಂದ ಅರ್ಧ ಎಕರೆಯೂ ಒಟ್ಟಿಗೆ ಕಂಡಿತು, ಹಾಸಿದ ಸೀರೆಯ ಹಾಗೆ. ಕಪ್ಪು ಇದ್ದದ್ದು ಅಂಚಿನಲ್ಲಿ ಮಾತ್ರ. ಬದುವಿನ ಉದ್ದಕ್ಕೂ, ಮಾರುದ್ದಕ್ಕಿಂತ ಒಳಗೆ ಹೋಗದ, ಸಣ್ಣ ಸಣ್ಣ ಬೀಸಣಿಗೆಯಂಥ ಗುರುತುಗಳು. ಒಂದೊಂದೂ ಒಂದೊಂದು ಹಿಡಿ. ನೀರು ತೆಳ್ಳಗಿದ್ದಾಗ ಕಾಳು ಬಿದ್ದಲ್ಲೇ ಕರಗಿ, ಬಿದ್ದಲ್ಲೇ ಬೇರು ಹೀರಿಕೊಂಡು, ಎಸೆದ ಕೈಯ ಅಳತೆಯನ್ನು ಎಲೆಯ ಮೇಲೆ ಬರೆದಿಟ್ಟಿತ್ತು. ನಡುವೆಲ್ಲ ನಾಲ್ಕನೇ ಹಸಿರು, ಹಾಗೇ, ತಣ್ಣಗೆ.

ಆ ಆರಡಿಯ ಮನುಷ್ಯ ಬದುವಿನ ಮೇಲೆ ನಿಂತು ಇಷ್ಟು ಹತ್ತಿರಕ್ಕೆ ಎಸೆಯುತ್ತಾನೆಯೇ? ಅವನ ತೋಳು ಅವಳಿಗೆ ಗೊತ್ತಿತ್ತು. ಇದು ಕೆಸರಿಗೆ ಇಳಿಯಲಾಗದವರ ಕೈ.

"ನಿಲ್ಸಿ! ಸ್ವಲ್ಪ ನಿಲ್ಸಿ!"

"ಈಗ್ತಾನೆ ಹತ್ತಿದ್ರಲ್ಲಮ್ಮ" ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತಿದ್ದ ಕೈ ನಿಲ್ಲಿಸಿ. "ಏನ್ ಮರ್ತ್ ಬಂದ್ರಿ?"

"ನಡುವಿಂದು ಓದೋದು ಮರ್ತೆ" ಎನ್ನುತ್ತ ಅವಳು ಇಳಿದೇಬಿಟ್ಟಳು.

ಬದುವಿನ ಮೇಲೆ ತಾಯಿ ಮಗ ಇಬ್ಬರೂ ಇದ್ದರು. ಚಿಕ್ಕಬೋರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪವಿತ್ರ ಏದುಸಿರು ಬಿಡುತ್ತ ಅವಳೆದುರು ಕುಕ್ಕರಗಾಲಲ್ಲಿ ಕೂತಳು.

"ಯಾರ ಕಣ್ಣಿಗೆ ಗದ್ದೆ ಕರ್ರಗೆ ಕಾಣಬೇಕಿತ್ತು ಅಮ್ಮಾ?"

"ಮೇಡಂ, ನಾನೇ ಅಂತ..." ಚಲುವರಾಜು ಶುರುಮಾಡಿದ.

"ನೀವು ಸುಮ್ನಿರಿ. ಈ ಸುಳ್ಳಿಗೆ ನಿಮ್ಮ ತೋಳು ತೀರಾ ಉದ್ದ ಆಯ್ತು."

ಚಿಕ್ಕಬೋರಮ್ಮ ಮೂಗೆಳೆದಳು. "ನಾನೇ ಕಣ್ ಮಗಾ. ಓದ ವಾರ ಬೆಳಿಗ್ಗೆ ಇವ್ನು ಡೈರಿಗೆ ಆಲು ಆಕಕ್ಕೆ ಓದಾಗ, ಒಂದು ಮೊರ ತಂದು ಬದಿನ ಮ್ಯಾಲಿಂದ್ಲೇ ಎರಚ್ಬುಟ್ಟೆ. ನಾಗಮಂಗಲದೋರು ಭಾನುವಾರ ಬತ್ತಾವ್ರೆ, ಪಿತೃಪಕ್ಷ ಇಡಿಯೋದ್ರೊಳಗೆ. ಎಣ್ಣು ಕೊಡೋರು ಮನೆಗಿಂತ ಮೊದ್ಲು ಗದ್ದೆ ನೋಡ್ತಾರೆ. ಬಿಳಚ್ಕೊಂಡಿರೋ ಗದ್ದೆ ನೋಡಿ ಯಾರವ್ವ ಎಣ್ಣು ಕೊಟ್ಟಾರು?"

ಹೆಣ್ಣು ಕೊಡುವವರು. ಪವಿತ್ರಳಿಗೆ ಬಿಸಿಲು ಒಮ್ಮೆಲೇ ಜೋರಾದಂತಾಯಿತು. ಪಟ್ಟಿಯನ್ನು ಚೀಲದೊಳಗೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. "ಒಳ್ಳೇದೇ ಆಯ್ತಲ್ಲ" ಎಂದಳು. ಧ್ವನಿ ತನ್ನದೇ ಅನ್ನಿಸಲಿಲ್ಲ.

"ಅವರು ಬರಲ್ಲ ಕಣವ್ವಾ" ಎಂದ ಚಲುವರಾಜು.

"ಯಾಕ್ಲಾ ಬರಾಕಿಲ್ಲ?"

"ಬ್ಯಾಡಿ ಅಂತ ಹೋದ ವಾರವೇ ಕಾಗ್ದ ಹಾಕ್ದೆ. ನಿಂಗೆ ಹೇಳಕ್ಕೆ ಧೈರ್ಯ ಬರ್ನಿಲ್ಲ."

"ಅದ್ಯಾಕ್ಲಾ, ಏನ್ ಬಂದಿತ್ತು ನಿಂಗೆ?"

ಅವನು ತಾಯಿಯ ಪ್ರಶ್ನೆಗೆ ಪವಿತ್ರಳನ್ನು ನೋಡಿ ಉತ್ತರ ಕೊಟ್ಟ. "ಓದೋರು ಬದಲಾಗಬಾರದು ಅಂತ ಮೇಡಂ ಹೇಳವ್ರೆ. ಹೂವಾಗೋ ತನಕ ಅಂದ್ರು. ನಂಗೆ ಅಷ್ಟು ಸಾಲಲ್ಲ."

ಚಿಕ್ಕಬೋರಮ್ಮ ಮಗನ ಮುಖ ನೋಡಿದಳು, ಪವಿತ್ರಳ ಮುಖ ನೋಡಿದಳು, ಕೊನೆಗೆ ತನ್ನ ಗದ್ದೆ ನೋಡಿದಳು.

"ಲೇ ಮೂದೇವಿ! ಇದನ್ನ ಮೊದ್ಲೇ ಬಾಯಿ ಬುಟ್ಟಿದ್ರೆ ನನ್ನ ಒಂದು ಮೊರ ಯೂರಿಯಾ ಉಳೀತಿತ್ತಲ್ಲೋ!"

ಪವಿತ್ರ ನಕ್ಕಳು. ನಗು ತಡೆಯಲಾಗದೆ ಕಣ್ಣಲ್ಲಿ ನೀರೂ ಬಂತು. ಟ್ಯೂಬ್‌ಲೈಟಿನ ಕೆಳಗೆ ಒಂದೇ ಸಲ ನೋಡಿ ಎದ್ದು ಹೋದವರೆಲ್ಲ ನೆನಪಾದರು. ಯಾರ ಮುಖವೂ ಸರಿಯಾಗಿ ನೆನಪಿಗೆ ಬರಲಿಲ್ಲ.

"ಹತ್ತು ಕಡೆ ನೋಡಿ ತೀರ್ಮಾನ ಮಾಡ್ಬೇಕು ಅಂದಿದ್ದೆ. ನೀವು ಎಷ್ಟು ನೋಡಿ ಮಾಡಿದ್ರಿ?"

"ಮೊದಲ್ನೇ ದಿನವೇ ಆಗೋಗಿತ್ತು ಮೇಡಂ. ಉಳಿದದ್ದೆಲ್ಲ ಸುಮ್ನೆ, ನೋಡಕ್ಕೆ ಆಸೆಯಾಗಿ ನೋಡಿದ್ದು."

ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕಪ್ಪು ಅಂಚನ್ನು ದಾಟಿ ಗದ್ದೆಯ ನಡುವೆ ಇಳಿದಳು. ತಂಪು ಕೆಸರು ಕಾಲ್ಬೆರಳ ಸಂದಿಯಲ್ಲಿ ಏರಿತು.

"ನೆರಳು ಎಲ್ಲಿ?"

ಅವನು ಹಿಂದೆಯೇ ಬಂದಿದ್ದ. ಹತ್ತು ಎಲೆಗೂ ನೆರಳಾಗಿ, ಈ ಸಲ ನಗದೆ, ಉಸಿರು ಬಿಗಿಹಿಡಿದು ನಿಂತ.

"ಎಷ್ಟು ಮೇಡಂ?"

"ಹತ್ತೂ ನಾಲ್ಕು. ಪ್ರಯೋಗಕ್ಕೆ ಈ ನಡುವಿನ ಗದ್ದೆ ಸಾಕು."

"ಹಂಗಾದ್ರೆ ಏನೂ ಹಾಕೋದು ಬ್ಯಾಡವಾ?"

"ಏನೂ ಬೇಡ." ಅವಳು ಎಲೆಯನ್ನು ಮೆಲ್ಲಗೆ ಬಿಟ್ಟಳು. "ಭಾನುವಾರ ಹೇಗೂ ನಿಮ್ಮನೆಗೆ ಯಾರೂ ಬರಲ್ವಲ್ಲ. ಅಮ್ಮನ್ನ ಕರ್ಕೊಂಡು ಪಾಂಡವಪುರಕ್ಕೆ ಬನ್ನಿ. ಅಪ್ಪನಿಗೆ ಹೇಳಿರ್ತೀನಿ. ಬೆಳಗ್ಗೇನೇ ಬನ್ನಿ, ಟ್ಯೂಬ್‌ಲೈಟ್ ಬೇಡ."

ಬದುವಿನಿಂದ ಚಿಕ್ಕಬೋರಮ್ಮ ಕೂಗಿದಳು: "ಏನಂತೆ ಕಣ್ಲಾ?"

"ಏನೂ ಕಮ್ಮಿಯಿಲ್ವಂತೆ ಕಣವ್ವೋ!"

ಪವಿತ್ರ ಪುಸ್ತಕ ತೆಗೆದು ಬರೆದಳು. ಅಂಚಿನ ಒಂದು ಮಾರು ಬಿಟ್ಟಿದೆ, ಕಾರಣ: ಮನೆಯವರು ಎರಚಿದ ಯೂರಿಯಾ. ನಡುವೆ: ನಾಲ್ಕು. ಓದಿದವರು: ಪವಿತ್ರ. ಸ್ವಲ್ಪ ಯೋಚಿಸಿ, ಅದರ ಕೆಳಗೆ ಇಲಾಖೆ ಕೇಳದ ಇನ್ನೊಂದು ಸಾಲನ್ನೂ ಸೇರಿಸಿದಳು.

ನೆರಳು: ಚಲುವರಾಜು.