‘ಮೆಲಾ’ ಅಂದ ಮೇಲೆ

ಹಡಗಿನಿಂದ ಇಳಿದು ಬಂದವನನ್ನು ಕಂಡದ್ದೇ ತಡ, ಗೈಡ್ ಲೊರೆತಾಳ ಕೈಯಲ್ಲಿದ್ದ ಹೆಸರಿನ ಹಲಗೆ ತಾನಾಗಿಯೇ ಕೆಳಗಿಳಿಯಿತು.

ಹಲಗೆಯ ಮೇಲೆ ‘ಮೋಯ್ರಾ, ಇಬ್ಬರು’ ಎಂದಷ್ಟೇ ಬರೆದಿತ್ತು. ಆ ಎರಡನೆಯವನು ಸಿಲ್ವಿಯೋ ಆಗಿರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಆರು ವರ್ಷದ ಹಿಂದೆ ಮಾಲ್ಟಾದ ಗೋಜೋ ದ್ವೀಪದ ಇದೇ ಬಂದರಿನಲ್ಲಿ ಅವನು ಚೀಲ ಹೆಗಲಿಗೇರಿಸಿ, ಒಮ್ಮೆಯೂ ತಿರುಗಿ ನೋಡದೆ ಹಡಗು ಹತ್ತಿದ್ದ. ಈಗ ಅವನ ಪಕ್ಕದಲ್ಲಿ ಹುಲ್ಲಿನ ಟೋಪಿಯ ಹೆಂಗಸು. ಅವಳ ಬೆರಳಲ್ಲಿ ಹೊಸ ಉಂಗುರ.

ಮೋಯ್ರಾ ನಗುತ್ತಲೇ ಪರಿಚಯ ಹೇಳಿಕೊಂಡಳು. ಮದುವೆಯಾಗಿ ಹದಿನೈದು ದಿನವಂತೆ. ಗಂಡ ಹುಟ್ಟಿ ಬೆಳೆದದ್ದೆಲ್ಲ ಆಸ್ಟ್ರೇಲಿಯಾದಲ್ಲಾದರೂ ಮಾವ ಇಲ್ಲಿಯವರಂತೆ. ಗಂಡ ಬೇಡವೇ ಬೇಡ ಎಂದರೂ ಇವಳೇ ಹಟ ಹಿಡಿದು ಕರೆತಂದಳಂತೆ.

“ಸ್ವಾಗತ, ಸರ್,” ಎಂದಳು ಲೊರೆತಾ.

ಆ ‘ಸರ್’ ಕೇಳಿ ಸಿಲ್ವಿಯೋನ ಮುಖ ಕಲ್ಲಾಯಿತು. ಪರಿಚಯವಿದೆಯೆಂದು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಜೀಪು ಓಡಿಸುವವನು ಲೊರೆತಾಳ ಸೋದರಮಾವ ನೇನು. ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, ತಮ್ಮ ಮಾಲ್ಟಾದ ಭಾಷೆಯಲ್ಲಿ ಗೊಣಗಿದ. “ಅವನೇ ಅಲ್ವೇನೇ ಇವನು? ಊರು ತೋರಿಸ್ಲಾ, ಇಲ್ಲಾ ಬಂಡೆ ಮೇಲಿಂದ ನೂಕ್ಲಾ?”

“ಸುಮ್ನಿರು ಮಾವ. ಅವನಿಗೆ ನಮ್ಮ ಮಾತು ಬರುತ್ತೆ.”

“ಬರೋ ಹಾಗಿದ್ರೆ ಅವತ್ತು ಹೋಗ್ತಿದ್ನಾ?”

ಹಿಂದಿನ ಸೀಟಿನಲ್ಲಿ ಸಿಲ್ವಿಯೋ ಕಿಟಕಿಯ ಕಡೆ ಮುಖ ತಿರುಗಿಸಿದ.

ನೇನುವಿನ ಸಿಟ್ಟಿಗೂ ಕಾರಣವಿತ್ತು. ಆ ಬೇಸಿಗೆ ಅಜ್ಜಿಯ ಮನೆ ನೋಡಲೆಂದು ಬಂದ ಸಿಲ್ವಿಯೋಗೆ, ಪಕ್ಕದ ಮನೆಯ ಲೊರೆತಾಳೇ ದ್ವೀಪ ತೋರಿಸಿದ್ದಳು. ಯಾವ ಬೀದಿಯಲ್ಲಿ ಮಧ್ಯಾಹ್ನ ನೆರಳಿರುತ್ತದೆ, ಯಾವ ಮುದುಕಿಯನ್ನು ಮಾತಾಡಿಸದೆ ಮುಂದೆ ಹೋದರೆ ಊರೆಲ್ಲ ಸುದ್ದಿಯಾಗುತ್ತದೆ, ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಅವಳ ಮೊದಲ ಪ್ರವಾಸಿ ಅವನು. ಹೊರಟ ದಿನ ಬಂದರಿನಲ್ಲಿ ನಿಂತು ಅವನು ಕೇಳಿದ್ದು ಒಂದೇ ಮಾತು: ನಾನೊಬ್ಬನೇ ಹೋಗಲಾ?

ಅವಳು ಬಾಯಿ ತೆರೆದು ಒಂದು ಪದ ಅಂದಳು. ಅಷ್ಟರಲ್ಲೇ ಅವನು ತಲೆಯಾಡಿಸಿ ಹೊರಟುಬಿಟ್ಟ.

*ಯಾಕೆ ತಿರುಗಿ ನೋಡಲಿಲ್ಲ?* ಆರು ವರ್ಷ ದೇವಮಾತೆಯ ಮುಂದೆ ಮಂಡಿಯೂರಿದಾಗಲೆಲ್ಲ ಲೊರೆತಾ ಕೇಳಿದ್ದು ಇದನ್ನೇ. ಈಗ ಉತ್ತರ ಹೇಳಬೇಕಾದವನೇ ಎದುರಿಗಿದ್ದಾನೆ. ಕೇಳಿಬಿಡಲೇ? ಕೇಳಿದರೆ ಆ ಹುಲ್ಲು ಟೋಪಿಯ ನಗು ಏನಾಗಬೇಕು?

ಮಧ್ಯಾಹ್ನ ಕಡಲಂಚಿನ ಉಪ್ಪಿನ ಗದ್ದೆಗಳ ಬಳಿ ಬುತ್ತಿ ಬಿಚ್ಚಿದರು. ರೊಟ್ಟಿ, ಟೊಮೇಟೊ, ಕುರಿಹಾಲಿನ ಗಿಣ್ಣು. ದೂರದ ಇಗರ್ಜಿಯ ಗಂಟೆ ಬಾರಿಸಿದಾಗ ನೇನು ಟೋಪಿ ತೆಗೆದು ಕೈಮುಗಿದ. ಮರುಕ್ಷಣವೇ ಫೋನು ಬಂತು. ಅತ್ತಲಿಂದ ಅವನ ಹೆಂಡತಿಯೇ ಇರಬೇಕು. ಮೆಲಾ, ಮೆಲಾ, ಮೆಲಾ ಎನ್ನುತ್ತ ಗದ್ದೆಯ ಬದುವಿನ ಮೇಲೆ ಅಡ್ಡಾಡತೊಡಗಿದ.

ಮೋಯ್ರಾಗೆ ನಗು ತಡೆಯಲಾಗಲಿಲ್ಲ. “ಏನ್ರೀ ಅದು ‘ಮೆಲಾ’? ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಅದೇ.”

ಬಂದವರೆಲ್ಲ ಕೇಳುವ ಪ್ರಶ್ನೆ. ಲೊರೆತಾ ಬಾಯಿಪಾಠದಂತೆ ಶುರುಮಾಡಿದಳು. “ಅದೊಂದಿದ್ರೆ ಈ ದ್ವೀಪದಲ್ಲಿ ಬದುಕಬಹುದು. ‘ಹೌದು’ ಅನ್ನೋಕೂ ಅದೇ, ‘ಸರಿ ಮತ್ತೆ’ ಅನ್ನೋಕೂ ಅದೇ. ‘ಹಾಗಿದ್ರೆ’ ಅಂತ ಮಾತು ಶುರುಮಾಡೋಕೂ ಅದೇ. ಹಾಗಾಗಿ ಯಾರಾದ್ರೂ ‘ಮೆಲಾ’ ಅಂದ್ರೆ ಅಷ್ಟಕ್ಕೇ ಎದ್ದು ಹೋಗ್ಬಾರದು. ಕಾಯ್ಬೇಕು. ನಿಜವಾದ ಮಾತು ಆಮೇಲೆ ಬರುತ್ತೆ.”

ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆಯಿತು.

ಅಂದು ಬಂದರಿನಲ್ಲಿ ತಾನು ಅಂದದ್ದೂ ಅದೇ ಅಲ್ಲವೇ... *ಮೆಲಾ...*

“ಇವರಪ್ಪ ನನಗೆ ‘ಹೌದು, ಮತ್ತೇನು’ ಅಂತ ಒಂದೇ ಅರ್ಥ ಹೇಳಿದ್ರು,” ಎಂದಳು ಮೋಯ್ರಾ. “ಅವರ ಮನೇಲಿ ಅಷ್ಟಕ್ಕೆ ಮಾತ್ರ ಬಳಸ್ತಾರೆ. ಅಲ್ವೇನ್ರೀ?”

ಸಿಲ್ವಿಯೋನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಎದ್ದು ನೀರಿನ ಅಂಚಿನವರೆಗೆ ನಡೆದುಹೋದ. ಉಪ್ಪಿನ ಗದ್ದೆ ದಾಟುವಾಗ ಅವನ ಕಾಲು ಎರಡು ಸಲ ತಪ್ಪಿತು.

ಮತ್ತೆ ಬಂದರು ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೋಯ್ರಾ ಅತ್ತೆಗೆಂದು ಗಿಣ್ಣು ಕೊಳ್ಳಲು ಅಂಗಡಿಗೆ ಹೋದಳು. ಬೆಲೆ ಕುದುರಿಸಲು ನೇನುವೂ ಜೊತೆಗೆ ಹೋದ. ಹೋಗುವಾಗ ಸಿಲ್ವಿಯೋನನ್ನು ಕೆಕ್ಕರಿಸಿ ನೋಡಲು ಮರೆಯಲಿಲ್ಲ.

“ಲೊರೆತಾ... ಅವತ್ತು ನೀನಂದ ಮೆಲಾ, ಅದ್ಯಾವುದು?”

ಸುಳ್ಳು ಹೇಳಿದರೆ ಮೂವರಿಗೂ ನೆಮ್ಮದಿ. ‘ಹೌದು, ಹೋಗು ಅಂತಲೇ ಅಂದಿದ್ದೆ’ ಎಂದರೆ ಮುಗಿಯಿತು. ಆದರೆ ಒಂದು ಅರೆಮಾತು ಆರು ವರ್ಷ ಅವಳ ಹೆಸರಿನಲ್ಲಿ ಸುಳ್ಳಾಗಿ ಬದುಕಿತ್ತು. ಅದರ ಮೇಲೆ ಇನ್ನೊಂದನ್ನು ಹೇರಲು ಅವಳ ನಾಲಗೆ ಏಳಲಿಲ್ಲ.

“ಮೆಲಾ, ನಿಲ್ಲು, ಅಮ್ಮನಿಗೆ ಹೇಳಿ ಬರ್ತೀನಿ. ಅಷ್ಟು ಹೇಳೋದಿತ್ತು.”

ಅವನು ಕಣ್ಣು ಮುಚ್ಚಿಕೊಂಡ. “ಕೂಗಬಹುದಿತ್ತಲ್ಲ...”

“ನಾನು ಬಾಯಿ ತೆರೆದ್ರೆ ನೀನು ಬೆನ್ನು ತಿರುಗಿಸಿದೆ. ನೀನು ಕೇಳಿದ್ದೇ ಬರೀ ಮಾತಿಗೆ, ನಾನು ಬರೋದು ಬೇಡ ಅಂತಲೇ ನಿನಗಿತ್ತು ಅಂದ್ಕೊಂಡೆ. ಬೇಡ ಅಂದವನ ಹಿಂದೆ ಕೂಗ್ಕೊಂಡು ಓಡದಷ್ಟು ಸೊಕ್ಕು ನಂಗೂ ಇತ್ತು.”

“ನಾನು ತಿರುಗಿ ನೋಡಿದ್ರೆ ಅಳ್ತಿದ್ದೆ.”

ಇಷ್ಟೇ... ಆರು ವರ್ಷದ ಪ್ರಾರ್ಥನೆಗೆ ಉತ್ತರ ಇಷ್ಟೇ. ಸಿಕ್ಕಿದ ಮೇಲೆ ಅದನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.

“ಈಗಲೂ ನಾನು ನಿನ್ನ...” ಎಂದು ಅವನು ತೊಡಗುತ್ತಿದ್ದಂತೆ ಅವಳು ಕೈ ಅಡ್ಡ ಹಿಡಿದಳು.

“ಬೇಡ. ನೀನಂದ್ರೆ ನಂಗೂ ಇಷ್ಟ. ಅವತ್ತೂ, ಈಗಲೂ. ಹೇಳಿದ್ದಾಯ್ತು. ಇನ್ನು ಅದು ನನ್ನ ಹತ್ರಾನೇ ಇರ್ಲಿ, ನಿನ್ನ ಜೊತೆ ಕಳಿಸಲ್ಲ.”

ಅಂಗಡಿಯ ಬಾಗಿಲಲ್ಲಿ ಹುಲ್ಲಿನ ಟೋಪಿ ಕಾಣಿಸಿತು. ಮೋಯ್ರಾ ಗಿಣ್ಣಿನ ಪೊಟ್ಟಣ ಎತ್ತಿ ತೋರಿಸುತ್ತಿದ್ದಳು. ಲೊರೆತಾ ಅವಳತ್ತ ಕೈಬೀಸಿದಳು. ಮತ್ತೆ ದನಿ ತಗ್ಗಿಸಿ ಸಿಲ್ವಿಯೋಗೆ ಹೇಳಿದಳು.

“ಅವರಿಗೆ ಕಡಲು ಆಗಿಬರಲ್ಲ. ಬೆಳಿಗ್ಗೆ ಇಳಿಯುವಾಗ ಮುಖ ಬಿಳಿಚಿಕೊಂಡಿತ್ತು. ಒಳಗೆ ಕೂರಿಸ್ಬೇಡ, ಮೇಲೆ ಗಾಳಿ ಬರೋ ಕಡೆ ಕೂರಿಸು. ತಲೆ ಸುತ್ತಿದ್ರೆ ದಡ ನೋಡ್ತಾ ಇರೋಕೆ ಹೇಳು.”

“ದಡದಲ್ಲಿ ನೀನಿರ್ತೀಯ.”

“ಅವರು ದಡ ನೋಡ್ಲಿ. ನೀನು ಅವರನ್ನ ನೋಡು.”