ಹೊಸ್ತಿಲಿನ ಅಶ್ರಫಿ

"ಬೆಲಿ ಅಷ್ಟ ಹೇಳ್ರಿ ಮೇಡಂ. ಕೀಳಬ್ಯಾಡ್ರಿ" ಎಂದು ಖಂಡೆಪ್ಪ ಹೊಸ್ತಿಲಿಗೆ ಜಡಿದ ನಾಣ್ಯವನ್ನು ತೋರಿಸಿ ಮೂರನೆಯ ಸಲ ಹೇಳಿದಾಗ ಶೀಲಾಳಿಗೆ ನಗು ತಡೆಯಲಾಗಲಿಲ್ಲ.

"ಕಿತ್ತರೆ ಏನಾಗುತ್ತೆ?"

"ಅದರ ಬುಡಕ ಬಾಯಿಕಟ್ಟು ಮಾಡಿಸ್ಯಾರ್ರಿ. ನಮ್ಮ ಮುತ್ಯಾಗ ಇಬ್ಬರು ಹೆಂಡರು. ದೊಡ್ಡಾಕಿ ಸಣ್ಣಾಕಿ ಮ್ಯಾಲ ಮಾಡಿಸಿದ ಮಾಟ ಅದು. ಸಣ್ಣಾಕಿ ಅಂದ್ರ ನಮ್ಮಪ್ಪನ ತಾಯಿ. ಸಾಯೂತನಕ ಆಕಿ ಒಂದು ಮಾತಾಡಲಿಲ್ಲ. ಆಕಿ ಧ್ವನಿ ಅಲ್ಲೇ ಅದ."

"ಹಾಗಾದರೆ ಧ್ವನಿಗೂ ಬೆಲೆ ಕಟ್ಟಬೇಕೇನು?"

ಖಂಡೆಪ್ಪ ನಗಲಿಲ್ಲ.

ಶೀಲಾ ಮೈಸೂರಿನವಳು. ಹಳೆಯ ನಾಣ್ಯಗಳನ್ನು ಹರಾಜು ಹಾಕುವ ಸಂಸ್ಥೆಯೊಂದಕ್ಕೆ ಬೆಲೆ ಕಟ್ಟಿಕೊಡಲೆಂದು ಮೂರು ತಿಂಗಳ ಹಿಂದೆ ಕಲಬುರಗಿಗೆ ಬಂದು, ಐವಾನ್-ಎ-ಶಾಹಿ ಬಡಾವಣೆಯಲ್ಲಿ ಕೋಣೆ ಹಿಡಿದಿದ್ದಳು. ಬಂದ ವಾರದಲ್ಲೇ ಯಾರೋ ಎರಕ ಹೊಯ್ದ ನಕಲಿಯೊಂದನ್ನು ಬಹಮನಿ ಕಾಲದ್ದೆಂದು ಅವಳ ಕೈಗೆ ದಾಟಿಸಿ, ಸಂಸ್ಥೆಯವರ ಮುಂದೆ ಮರ್ಯಾದೆ ಕಳೆದಿದ್ದರು. ಅಂದಿನಿಂದ ಅವಳು ಯಾರನ್ನೂ ನಂಬುತ್ತಿರಲಿಲ್ಲ. ನಾಣ್ಯದ ಜೊತೆ ಕತೆ ಹೇಳುವವರನ್ನಂತೂ ಮೊದಲೇ ಇಲ್ಲ.

ಕಲಬುರಗಿ ಹತ್ತಿರದ ಕಮಲಾಪುರದಲ್ಲಿದ್ದ ಖಂಡೆಪ್ಪನ ಮನೆ ಕಲ್ಲಿನದು. ಪಡಸಾಲೆಯಲ್ಲಿ ಕೆಂಬಾಳೆ ಗೊನೆಗಳನ್ನು ಹಣ್ಣಿಗೆ ಹಾಕಿದ್ದರು. ಹೊಗೆಯ ಕಮಟು, ಅದರೊಳಗೆ ತಲೆ ತಿರುಗಿಸುವಂಥ ಸಿಹಿವಾಸನೆ. ಕರೆಂಟು ಹೋಗಿತ್ತು. ಹೊರಗೆ ಮಧ್ಯಾಹ್ನದ ಬಿಸಿಲು ಕುದಿಯುತ್ತಿದ್ದರೂ ಒಳಕೋಣೆಯಲ್ಲಿ ಹಾಳುಬಾವಿಯಂಥ ಕತ್ತಲೆ. ಆ ಕತ್ತಲೆಯಲ್ಲಿ, ಮಂಚದ ಮೇಲೆ, ಖಂಡೆಪ್ಪನ ಅಪ್ಪ ದೌಲಪ್ಪ ಕೂತಿದ್ದ. ಎಂಬತ್ತು ದಾಟಿದ ಮುದುಕ. ಅವನ ನೋಟ ಶೀಲಾಳ ಬೆರಳುಗಳನ್ನು ಬಿಟ್ಟು ಕದಲುತ್ತಿರಲಿಲ್ಲ.

ಒಳಕೋಣೆಯ ಮರದ ಹೊಸ್ತಿಲ ಮೇಲೆ, ನಾಲ್ಕು ಕಬ್ಬಿಣದ ಮೊಳೆಗಳ ಹಿಡಿತದಲ್ಲಿ ಇತ್ತು ಆ ನಾಣ್ಯ. ನಿಜಾಮರ ಕಾಲದ ಬಂಗಾರದ ಅಶ್ರಫಿ. ಶೀಲಾ ಮೊಣಕಾಲೂರಿ ಮೊಬೈಲಿನ ಬೆಳಕು ಬಿಟ್ಟು, ಭೂತಗನ್ನಡಿ ಹಿಡಿದಳು. ಚಾರ್ಮಿನಾರಿನ ನಾಲ್ಕೂ ಗೋಪುರಗಳು ನಿನ್ನೆ ಅಚ್ಚು ಹೊಡೆದಂತೆ ಚೂಪಾಗಿದ್ದವು.

"ಇಷ್ಟು ವರ್ಷ ಕಾಲಡಿ ಇದ್ದದ್ದು ಸ್ವಲ್ಪವೂ ಸವೆದಿಲ್ಲವಲ್ಲ?"

"ಯಾರೂ ತುಳಿಯಂಗಿಲ್ರಿ. ದಾಟತೀವಿ. ಅಸಲಿ ಇದ್ರ ಎಷ್ಟಾಗ್ತದ?"

"ಲಕ್ಷದ ಮೇಲಾಗುತ್ತೆ. ಆದರೆ ತೂಕ ಹಾಕದೆ, ಅಂಚು ನೋಡದೆ ಅಸಲಿ ಅಂತ ಹೇಗೆ ಹೇಳಲಿ?"

"ಹಂಗಾದ್ರ ಬಿಡ್ರಿ" ಎಂದ ಖಂಡೆಪ್ಪ. ತುಸು ಬೇಗನೇ ಅಂದನೆನಿಸಿತು. "ಕೂಡ್ರಿ, ಚಾ ತರ್ತೀನಿ."

ಅವನು ಅತ್ತ ಹೋದ. ಶೀಲಾ ಮತ್ತೆ ಬಗ್ಗಿದಳು. ಮೊಳೆಗಳ ಬುಡದಲ್ಲಿ ಹಸಿ ಎಣ್ಣೆ ಮಿನುಗುತ್ತಿತ್ತು. ಪಕ್ಕದ ಗೂಡಿನಲ್ಲಿ ಒಂದು ಇಕ್ಕಳ.

ಅವಳಿಗೆ ಎಲ್ಲವೂ ತಿಳಿದುಹೋಯಿತು. ಬಂಗಾರ ಯಾವತ್ತೋ ಮಾರಿಹೋಗಿದೆ. ಮೊನ್ನೆ ಮೊನ್ನೆ ಮೊಳೆ ಸಡಿಲಿಸಿ ಬಂಗಾರದ ನೀರು ಹಾಕಿದ ನಕಲಿ ಕೂರಿಸಿದ್ದಾರೆ. ತಿರುವಿ ನೋಡಬಾರದೆಂದು ಸತ್ತವಳ ಕತೆ ಕಟ್ಟಿದ್ದಾರೆ. ಇನ್ನೊಮ್ಮೆ ಮೋಸ ಹೋಗುವುದೇ? ಅವಳು ಇಕ್ಕಳ ಎತ್ತಿಕೊಂಡಳು. ಮುದುಕ ತಡೆಯಲಿಲ್ಲ. ಮಂಚದ ಅಂಚಿಗೆ ಸರಿದು ಕೂತ.

ಹಸಿಮಣ್ಣಿನಿಂದ ಬಂದಂತೆ ಮೊಳೆಗಳು ಹೊರಬಂದವು. ಒಂದು. ಎರಡು. ಮೂರು. ನಾಲ್ಕು.

ಅಶ್ರಫಿ ಅಂಗೈಗೆ ಬಿತ್ತು. ಅದರಡಿಯ ಕುಳಿಯಲ್ಲಿ ಕೂದಲಿನ ಉಂಡೆ. ಕರಿ ಕೂದಲು, ಒಣಗಿದ ಕುಂಕುಮ. ಸುಟ್ಟ ಕೂದಲಿನ ನಾತ ಗಪ್ಪೆಂದು ಮುಖಕ್ಕೆ ಬಡಿಯಿತು. ಶೀಲಾ ಉಸಿರು ಬಿಗಿಹಿಡಿದು ನಾಣ್ಯದ ಅಂಚು ತಿರುವಿದಳು. ಒಂದೇ ಸಮನಾದ ಗೀರುಗಳು. ಎಲ್ಲೂ ಎರಕದ ಗುರುತಿಲ್ಲ.

ಅಸಲಿ.

ಅದನ್ನೇ ಹೇಳಲು ಬಾಯಿ ತೆರೆದಳು. ಧ್ವನಿ ಬರಲಿಲ್ಲ. ಕೆಮ್ಮಿದಳು. ಕೆಮ್ಮೂ ಕೇಳಿಸಲಿಲ್ಲ. ನಾಲಗೆಯ ಮೇಲೆ ಕೂದಲಿನ ರುಚಿ. ಗಂಟಲೊಳಗೆ ಏನೋ ತಣ್ಣಗೆ ಇಳಿಯಿತು. ಕೂತಿತು. ಜಾಗ ಮಾಡಿಕೊಂಡಿತು. ಅವಳ ತುಟಿಗಳು ತಾವಾಗಿ ಅಲುಗಿದವು.

"ದೌಲಾ" ಎಂದಿತು ಅವಳ ಬಾಯಿ. ಆ ಧ್ವನಿ ಅವಳದಲ್ಲ. ತುಕ್ಕು ಹಿಡಿದ ಚಿಲಕ ಸರಿಸಿದಂಥ ಧ್ವನಿ, ಆದರೂ ಅಕ್ಕರೆಯದು. "ಉಂಡೀ ಏನೋ, ನನ ಕೂಸ?"

ಮುದುಕ ಮಂಚದಿಂದ ಇಳಿದು ತೆವಳುತ್ತ ಬಂದು ಅವಳ ಪಾದ ಹಿಡಿದ. "ಯವ್ವಾ! ಹುಟ್ಟಿದಾಗಿಂದ ಕೇಳಿದ್ದಿಲ್ಲ ಯವ್ವಾ. ಇನ್ನೊಮ್ಮಿ ಕರಿ."

ಬಾಗಿಲಲ್ಲಿ ಖಂಡೆಪ್ಪ ನಿಂತಿದ್ದ. ಅವನ ಕೈಯಲ್ಲಿ ಚಹಾ ಇರಲಿಲ್ಲ.

"ನಮ್ಮ ರಕ್ತದವ್ರ ಕೈಗೆ ಅದು ಬರಂಗಿಲ್ರಿ ಮೇಡಂ" ಎಂದ, ತಲೆ ಎತ್ತದೆ. "ತೆಗೀರಿ ಅಂತ ಹೊರಗಿನವ್ರ ಕಾಲಿಗೆ ಬಿದ್ರೂ ಯಾರೂ ತೆಗೀಲಿಲ್ಲ. ನೀವು ಯಾರ ಮಾತೂ ನಂಬಂಗಿಲ್ಲಂತ ಕೇಳಿದ್ದೆ. ಅದಕ್ಕ ಬ್ಯಾಡ ಅಂದೆ. ಎಣ್ಣಿ ನಾನೇ ಬಿಟ್ಟಿದ್ದೆ."

ಶೀಲಾ ನಾಣ್ಯ ಬಿಸಾಡಿದಳು. ಪಾದ ಕೊಸರಿಕೊಂಡಳು. ಖಂಡೆಪ್ಪನನ್ನು ನೂಕಿದಳು. ಗೊನೆಗಳನ್ನು ಎಡವಿ, ಎದ್ದು, ಓಡಿದಳು. ಅಂಗಳ. ಬಿಸಿಲು. ಬೀದಿ. ಆಟೋ ಒಂದು ಬರುತ್ತಿತ್ತು. ಅದಕ್ಕೆ ಅಡ್ಡ ನಿಂತಳು.

"ಎಲ್ಲಿಗಿ ಹೋಗಬೇಕ್ರಿ ಅಕ್ಕೋರೆ?" ಎಂದ ಚಾಲಕ.

ಕಲಬುರಗಿ. ಒಂದೊಂದೇ ಅಕ್ಷರವನ್ನು ಅವಳು ಹಲ್ಲು ಕಚ್ಚಿ ನಾಲಗೆಗೆ ಎಳೆದು ತಂದಳು. ಗಂಟಲಿನ ನರಗಳು ಉಬ್ಬಿದವು.

"ಎಲ್ಲಿಗೂ ಇಲ್ಲಪ್ಪ" ಎಂದಿತು ಬಾಯಿ. "ನನ ಮನಿ ಇದೇ ಅದ."

ಚಾಲಕ ಮನೆಯತ್ತ ನೋಡಿದ. ಬಾಗಿಲಲ್ಲಿ ಖಂಡೆಪ್ಪ ಕೈಮುಗಿದು ನಿಂತಿದ್ದ. ಆಟೋ ಮುಂದೆ ಹೊರಟಿತು. ಶೀಲಾ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ, ಎರಡೂ ಕೈ ಎತ್ತಿ ಬೀಸಿದಳು. ಚಾಲಕ ಕನ್ನಡಿಯಲ್ಲಿ ಕಂಡು, ನಕ್ಕು, ತಾನೂ ಒಮ್ಮೆ ಕೈ ಬೀಸಿ, ಮಹಾಗಾಂವದ ರಸ್ತೆಗೆ ತಿರುಗಿದ.