ಮಾದರಿ ಮನೆಯ ಬಿಸಿನೀರು

"ನನ್ನ ಗಂಡ ಯಾರನ್ನೂ ಕೊಂದಿಲ್ಲ ಆಂಟಿ," ಎಂದು ದೀಪ್ತಿ ಬಾಗಿಲಲ್ಲೇ ಕುಸಿದು ಕೂತಾಗ, ಶಶಿಕಲಾ ಅಂಬುಜಮ್ಮನವರ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ದೀಪ್ತಿಯ ಗಂಡ ಬಾಳೇಶ ಎಲೆಕ್ಟ್ರಿಷಿಯನ್. ಹಿಂದಿನ ದಿನವಷ್ಟೇ ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿದ್ದರು. ಹೇರೋಹಳ್ಳಿಯ ಲಕ್ಷ್ಮೀಪತಿಯವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ, ದೇವಸ್ಥಾನದಲ್ಲಿ ಅಡುಗೆ ಮಾಡುತ್ತಿದ್ದ ಅಂಜಮ್ಮ ಬಚ್ಚಲಲ್ಲಿ ಶಾಕ್ ಹೊಡೆದು ಸತ್ತಿದ್ದಳು. ಆ ಮನೆಗೆ ವೈರಿಂಗ್ ಮಾಡಿದವನು, ತಾರಸಿಯ ಮೇಲೆ ನೀರು ಕಾಯಿಸುವ ಸೋಲಾರ್ ಕೂರಿಸಿದವನು ಬಾಳೇಶ.

"ಶಾಕ್ ಹೊಡೆದ್ರೆ ಕರೆಂಟ್ ಕಡಿಯೋ ಟ್ರಿಪ್ಪರಿಗೆ ಅಡ್ಡ ವೈರ್ ಹಾಕಿ ಸುಮ್ಮನಾಗಿಸಿದ್ದಾರಂತೆ. ಅದನ್ನ ಇವರೇ ಮಾಡಿದ್ದು ಅಂತಾರೆ. ಸಂಜೆಗೆ ಕೇಸ್ ಹಾಕಿ ಜೈಲಿಗೆ ಕಳಿಸ್ತಾರಂತೆ," ಎಂದು ದೀಪ್ತಿ ಬಿಕ್ಕಿದಳು.

ಅಂಬುಜಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬಸವೇಶ್ವರನಗರದಲ್ಲಿ ಸರ ಕಳೆದರೂ, ಗಂಡ ಕಳೆದರೂ ಜನ ಮೊದಲು ಬರುತ್ತಿದ್ದದ್ದು ಅವರ ಬಾಗಿಲಿಗೆ. ಪಕ್ಕದ ಮನೆಯ ಶಶಿಕಲಾ ಅವರ ಸಾರಥಿ. ಬಾಯಿ ಸ್ವಲ್ಪ ಜೋರು, ಸ್ಕೂಟರ್ ಅದಕ್ಕಿಂತ ಜೋರು.

"ಶಶಿ, ಕೈ ತೊಳ್ಕೊ. ಹೋಗೋಣ," ಎಂದರು ಅಂಬುಜಮ್ಮ.

ಹೇರೋಹಳ್ಳಿಯ ಹೊಂಡಗಳನ್ನೆಲ್ಲ ಬೈದುಕೊಂಡೇ ಶಶಿಕಲಾ ಸ್ಕೂಟರ್ ಓಡಿಸಿದಳು. ದೀಪ್ತಿ ಹಿಂದೆಯೇ ಆಟೋದಲ್ಲಿ ಬಂದಳು. ಲಕ್ಷ್ಮೀಪತಿಯವರ ಗೇಟಿನ ಮೇಲೆ ಬಡಾವಣೆಯ ಸಂಘದವರು ಕೊಟ್ಟ ಹಿತ್ತಾಳೆ ಫಲಕ ಹೊಳೆಯುತ್ತಿತ್ತು: 'ವಿದ್ಯುತ್ ಉಳಿತಾಯದ ಮಾದರಿ ಮನೆ'. ಒಳಗೆ ಇನ್‌ಸ್ಪೆಕ್ಟರ್ ಮಧ್ವೇಶ್ ಇದ್ದರು. ಅಂಬುಜಮ್ಮನವರ ಹಳೆಯ ಶಿಷ್ಯ, ಇವರನ್ನು ಕಂಡ ಕೂಡಲೆ ಎದ್ದು ನಿಂತರು.

"ಸರ್ಕಾರ ಸೋಲಾರ್ ಹಾಕಿ ಅಂದಾಗ ಜನ ಕರೆಂಟ್ ಕನೆಕ್ಷನ್‌ಗೋಸ್ಕರ ಶಾಸ್ತ್ರಕ್ಕೆ ಹಾಕಿದ್ರು. ನಾನು ಶ್ರದ್ಧೆಯಿಂದ ಹಾಕಿಸ್ದೆ," ಎಂದರು ಲಕ್ಷ್ಮೀಪತಿ ಎದೆಯುಬ್ಬಿಸಿ. "ಬಿಲ್‌ನಲ್ಲಿ ರಿಯಾಯಿತಿ ಬರುತ್ತೆ. ನನ್ನ ಮನೇಲಿ ಗೀಸರ್ ಇಲ್ಲ, ಬಕೆಟ್ಟಿಗೆ ಇಳಿಬಿಡೋ ಕಾಯಿಲ್ ಇಲ್ಲ. ಬಾಡಿಗೆಯವರೂ ಇಡೋ ಹಾಗಿಲ್ಲ. ಇಪ್ಪತ್ನಾಲ್ಕು ಗಂಟೆ ಕುದಿಯೋ ನೀರು!"

"ಹೌದು, ತುಂಬಾ ಬಿಸಿ ಬರುತ್ತೆ," ಎಂದರು ಅವರ ಹೆಂಡತಿ ವರಲಕ್ಷ್ಮಿ, ಸೆರಗು ಹಿಂಡುತ್ತ.

ಮಹಡಿಯ ಬಾಡಿಗೆದಾರ ರವಿಕುಮಾರನೂ ತಲೆಯಾಡಿಸಿದ. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ಹುಡುಗ. "ನಾನೂ ದಿನಾ ಅದರಲ್ಲೇ ಸ್ನಾನ ಮಾಡೋದು ಮೇಡಂ. ಕೈ ಇಡಕ್ಕಾಗಲ್ಲ."

"ಕರೆಂಟ್ ತೊಂದರೆ ಏನಾದ್ರೂ ಇತ್ತಾ?" ಎಂದು ಅಂಬುಜಮ್ಮ ಕೇಳಿದರು.

"ಧನುರ್ಮಾಸ ಶುರುವಾದಾಗ ಇತ್ತು," ಎಂದರು ಲಕ್ಷ್ಮೀಪತಿ. "ಬೆಳಗಿನ ಜಾವ ಪೂಜೆಗೆ ಕೂತ್ರೆ ಸಾಕು, ಇಡೀ ಮನೆ ಕತ್ತಲೆ. ಕೂಗಾಡ್ದೆ. ಆಮೇಲೆ ತಾನಾಗೇ ಸರಿಹೋಯ್ತು. ಬಾಳೇಶನ್ನೇನೂ ಕರೆಸಲಿಲ್ಲ. ದಸರಾದಲ್ಲಿ ಬಂದು ಹೋದವನು ಈ ಕಡೆ ತಲೆ ಹಾಕಿಲ್ಲ."

ಅಂಜಮ್ಮನ ಬಚ್ಚಲಲ್ಲಿ ಒಂದು ತಗಡಿನ ಬಕೆಟ್ಟು, ಒಂದು ಚೊಂಬು, ಮೂಲೆಯಲ್ಲಿ ಒಂದು ಬಿದಿರಿನ ಕೋಲು. ಕೋಲಿನ ನಟ್ಟನಡುವೆ ಕರಿ ಹತ್ತಿತ್ತು. ಅಂಬುಜಮ್ಮ ಅದನ್ನು ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಇಟ್ಟು ನೋಡಿ, ಮತ್ತೆ ಮೂಲೆಗಿಟ್ಟರು. ಮೀಟರ್ ಬೋರ್ಡಿನ ಅಡ್ಡ ವೈರಿನ ತುದಿಗಳಿಗೆ ಹಳದಿ ಟೇಪು ಸುತ್ತಿತ್ತು. ಮಹಡಿಯಲ್ಲಿ ರವಿಕುಮಾರನ ಲ್ಯಾಪ್‌ಟಾಪಿನ ಚಾರ್ಜರ್ ವೈರಿಗೂ ಅಂಥದೇ ಟೇಪು ಸುತ್ತಿದ್ದನ್ನು ಶಶಿಕಲಾ ನೋಡಿದಳು. ಬಣ್ಣ ಚೆನ್ನಾಗಿದೆ ಅಂದುಕೊಂಡಳೇ ಹೊರತು ತಲೆಗೆ ಮತ್ತೇನೂ ಹೊಳೆಯಲಿಲ್ಲ.

ತಾರಸಿಗೆ ಹತ್ತಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಸೋಲಾರಿನ ಗಾಜಿನ ಮುಂದೆ ನಿಂತ ಶಶಿಕಲಾಳ ಕಣ್ಣಿಗೇ ಬಿಸಿಲು ಹೊಡೆಯಿತು. "ಥೂ, ಕಣ್ಣು ಬಿಡಕ್ಕಾಗಲ್ಲ!"

"ನಿನ್ನ ಮುಖಕ್ಕೆ ಬಿಸಿಲು. ಸೋಲಾರಿಗೆಲ್ಲಿ?" ಎಂದರು ಅಂಬುಜಮ್ಮ. ಬಿಸಿಲೆಲ್ಲ ಅದರ ಬೆನ್ನ ಮೇಲೆ ಬಿದ್ದಿತ್ತು. ಪೈಪು ಮುಟ್ಟಿದರೆ ಹಿಂದಿನ ರಾತ್ರಿಯ ಅನ್ನದ ಹಾಗೆ ತಣ್ಣಗಿತ್ತು.

ಕೆಳಗಿಳಿದವರೇ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ದೀಪ್ತಿ ಮಾತ್ರ ಕೂರದೆ ಬಾಗಿಲು ಹಿಡಿದು ನಿಂತಿದ್ದಳು.

"ಮಧ್ವೇಶ್, ಬಾಳೇಶ ಬಂದು ಹೋಗಿದ್ದು ದಸರಾದಲ್ಲಿ. ಟ್ರಿಪ್ಪರ್ ಕರೆಂಟ್ ಕಡೀತಿದ್ದದ್ದು ಧನುರ್ಮಾಸದಲ್ಲಿ. ಅವನೇ ಅಡ್ಡ ವೈರ್ ಹಾಕಿದ್ದಿದ್ರೆ ಧನುರ್ಮಾಸದಲ್ಲಿ ಅದು ಹೇಗಪ್ಪ ಕೆಲಸ ಮಾಡ್ತು? ಅಂದ್ರೆ ವೈರ್ ಬಿದ್ದಿದ್ದು ಆಮೇಲೆ. ಬಾಳೇಶ ಈ ಕಡೆ ತಲೆಯನ್ನೇ ಹಾಕದಿದ್ದಾಗ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಎರಡನೇದು, ಅಂಜಮ್ಮ ದೇವಸ್ಥಾನದಲ್ಲಿ ಹುಗ್ಗಿ ಮಾಡ್ತಿದ್ದವಳು. ಧನುರ್ಮಾಸ ಪೂರ್ತಿ ಬೆಳಗಿನ ಜಾವವೇ ತಲೆಗೆ ನೀರು ಹಾಕ್ಕೊಂಡು ಮಡಿಯಲ್ಲಿ ಒಲೆ ಹಚ್ಚಬೇಕು. ಸೋಲಾರ್ ನೀರು ತಣ್ಣಗೆ. ಅದಕ್ಕೇ ಬಕೆಟ್ಟಿನ ಮೇಲೆ ಕೋಲಿಟ್ಟು, ಕಾಯಿಲ್ ಇಳಿಬಿಟ್ಟು ನೀರು ಕಾಯಿಸ್ಕೊಳ್ತಿದ್ಲು. ಕಾಯಿಲ್ ಹಳೇದು, ಕರೆಂಟ್ ಲೀಕು. ಹಾಕಿದಾಗಲೆಲ್ಲ ಟ್ರಿಪ್ಪರ್ ಅವಳ ಜೀವ ಉಳಿಸ್ತಿತ್ತು. ಇವರ ಪೂಜೆ ಕೆಡ್ತಿತ್ತು."

"ಆದ್ರೆ ಕಾಯಿಲ್ ಎಲ್ಲೂ ಸಿಗಲಿಲ್ಲವಲ್ಲ ಮೇಡಂ?"

"ಸಿಗದ ಹಾಗೆ ಮಾಡಿದ್ರು. ಮೂರು ಜನವೂ ನೀರು ಕುದಿಯುತ್ತೆ ಅಂತ ಸುಳ್ಳು ಹೇಳಿದ್ರು. ಲಕ್ಷ್ಮೀಪತಿಯವರದ್ದು ಫಲಕದ ಆಸೆ. ಉಳಿದಿಬ್ಬರಿಗೆ ಭಯ. ನೀರು ತಣ್ಣಗಿದೆ ಅಂದ್ರೆ ಕಾಯಿಲ್ ಮಾತು ಬರುತ್ತೆ, ಕಾಯಿಲ್ ಬಂದ್ರೆ ವೈರ್ ಬರುತ್ತೆ. ರವಿ, ನಿನ್ನ ಚಾರ್ಜರಿಗೆ ಸುತ್ತಿರೋ ಹಳದಿ ಟೇಪೇ ಆ ವೈರಿಗೂ ಇದೆ ಕಣಪ್ಪ."

ರವಿಕುಮಾರ ಬೆವರಿದ. "ಆಂಟಿ ಕೇಳ್ಕೊಂಡ್ರು ಮೇಡಂ. ಬೆಳಗಿನ ಜಾವ ಅಮೆರಿಕದವರ ಜೊತೆ ನನ್ನ ಮೀಟಿಂಗೂ ಕಟ್ ಆಗ್ತಿತ್ತು. ಐದು ನಿಮಿಷದ ಕೆಲಸ, ಮಾಡಿಬಿಟ್ಟೆ. ಹೀಗಾಗುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ನಾನೇ ಕೇಳಿದ್ದು," ಎಂದರು ವರಲಕ್ಷ್ಮಿ. ದನಿ ನಡುಗಲಿಲ್ಲ. "ಕಾಯಿಲ್ ಕೊಟ್ಟವಳೂ ನಾನೇ. ಚಳೀಲಿ ತಣ್ಣೀರು ಹಾಕ್ಕೊಂಡು ಕೆಮ್ಮಿ ಕೆಮ್ಮಿ ಸಾಯ್ತಿದ್ಲು. ಕರೆಂಟ್ ಹೋದಾಗಲೆಲ್ಲ ಇವರು ಹುಡುಕ್ತಾ ಹಿಂದಿನ ಮನೆಗೆ ಹೋಗ್ತಾರೇನೋ ಅಂತ ಜೀವ ಬಾಯಿಗೆ ಬರ್ತಿತ್ತು. ಅವತ್ತು ಮೊದಲು ನೋಡಿದವಳೂ ನಾನು. ಕಾಯಿಲ್ ತೆಗೆದು ಅಕ್ಕಿ ಡಬ್ಬಕ್ಕೆ ಹಾಕ್ದೆ. ಬಾಳೇಶನ ಹೆಸರು ಬಂದಾಗ ನಿಜ ಹೇಳೋಕೆ ಬಾಯಿ ಬರಲಿಲ್ಲ."

ಮಾಡಿದ್ದೆಲ್ಲ ಕರುಣೆಗೆ, ಮುಚ್ಚಿದ್ದೆಲ್ಲ ಗಂಡನ ಭಯಕ್ಕೆ. ಬೈಯಲು ತೆರೆದ ಶಶಿಕಲಾಳ ಬಾಯಿ, ಯಾರನ್ನು ಬೈಯಬೇಕೆಂದು ತಿಳಿಯದೆ ಮುಚ್ಚಿಕೊಂಡಿತು.

ಮಧ್ವೇಶ್ ಠಾಣೆಗೆ ಫೋನು ಮಾಡಿ ಬಾಳೇಶನನ್ನು ಬಿಡಲು ಹೇಳಿದರು. ಮಾತು ಮುಗಿಯುವ ಮೊದಲೇ ದೀಪ್ತಿ ಚಪ್ಪಲಿ ಮರೆತು ಬೀದಿಗೆ ಓಡಿದ್ದಳು. "ನೀವಿಬ್ಬರೂ ನನ್ನ ಜೊತೆ ಬರಬೇಕು," ಎಂದು ಇನ್‌ಸ್ಪೆಕ್ಟರ್ ರವಿಕುಮಾರನಿಗೂ ವರಲಕ್ಷ್ಮಿಗೂ ಹೇಳಿದರು.

"ಲಕ್ಷ್ಮೀಪತಿಯವರೇ, ಸೋಲಾರ್ ಯಾಕೆ ಉತ್ತರಕ್ಕೆ ತಿರುಗಿದೆ?" ಎಂದರು ಅಂಬುಜಮ್ಮ. "ನಮ್ಮ ಸೀಮೆಯ ಚಳಿಗಾಲದಲ್ಲಿ ಸೂರ್ಯ ದಕ್ಷಿಣದ ಕಡೆ ಇರ್ತಾನೆ. ಬಾಳೇಶ ಹಾಗೆ ಇಟ್ಟಿರಲ್ಲ."

"ಅವನು ದಕ್ಷಿಣಕ್ಕೇ ಇಟ್ಟಿದ್ದ. ವಾಸ್ತುವಿನವರು ಬೇಡ ಅಂದ್ರು. ದಕ್ಷಿಣ ಯಮನ ದಿಕ್ಕು. ಉತ್ತರ ಕುಬೇರಂದು. ನಾನೇ ತಿರುಗಿಸಿದೆ."

"ಈಗಲಾದ್ರೂ ಸರಿಯಾಗಿ ತಿರುಗಿಸಿ. ನಾಳೆ ಇನ್ನೊಬ್ಬರು ಬಾಡಿಗೆಗೆ ಬರ್ತಾರೆ."

ಲಕ್ಷ್ಮೀಪತಿ ಗಾಬರಿಯಿಂದ ತಲೆ ಅಲ್ಲಾಡಿಸಿದರು. "ಈಗಲಂತೂ ಸಾಧ್ಯವೇ ಇಲ್ಲಮ್ಮ. ಮನೇಲಿ ಸಾವಾಗಿದೆ. ಇಂಥ ಹೊತ್ತಲ್ಲಿ ಯಮನ ಕಡೆ ಮುಖ ಮಾಡಿಸಿದ್ರೆ ಮತ್ತೊಂದು ಹೆಣ ಬೀಳುತ್ತೆ."

ಹೊಸಿಲು ದಾಟುತ್ತಿದ್ದ ವರಲಕ್ಷ್ಮಿ ನಿಂತು ತಿರುಗಿದರು. ಗಂಡನ ಮುಖವನ್ನು ಅಷ್ಟು ನೇರವಾಗಿ ಅವರು ನೋಡಿದ್ದು ಅದೇ ಮೊದಲಿರಬೇಕು.

"ಅವಳ ಬಚ್ಚಲಿಗೆ ಯಮ ಯಾವ ದಿಕ್ಕಿಂದ ಬಂದ ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜೀಪು ಹತ್ತಿದರು.